ನೀರು ಊರಿನಿಂದ ಕಾಲುವೆಗೆ ಹರಿದ ಸಿನೆಮಾ

ಸರ್ಕಾರದ ಪ್ರಚಾರದ ಕೆಲಸಕ್ಕೆ ಸೇರಿದ ಮೊದಲ ದಿನ ನಮ್ಮ ಸಾಹೇಬರು ನನಗೆ ಕಲಿಸಿದ ಪಾಠ ಇಷ್ಟೇ: "ನೋಡಮ್ಮ, ನಾವು ಸುಳ್ಳು ಹೇಳೋದಿಲ್ಲ. ಮುಂದೆ ಆಗೋದನ್ನ ಈಗಲೇ ಆಗಿದೆ ಅಂತೀವಿ, ಅಷ್ಟೇ." ಸಾಹೇಬರು ಮೈಸೂರು ಕಡೆಯವರು. ಕೋಪ ಬಂದಾಗಲೂ ಮೆತ್ತಗೆ ಮಾತಾಡುತ್ತಿದ್ದರು. ನಾನು ತಲೆಯಾಡಿಸಿ ಹೊರಗೆ ಬಂದೆ. ನಿವೃತ್ತಿಯಾಗಿ ಇಷ್ಟು ವರ್ಷವಾದ ಮೇಲೂ ಆ ಮಾತಿಗೆ ಸಿಟ್ಟು ಮಾಡಬೇಕೋ ನಗಬೇಕೋ ನನಗೆ ತಿಳಿದಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾರು ಶಾಲು ಹೊದಿಸಿದರು ಎನ್ನುವುದೆಲ್ಲ ನಿಮಗೆ ಬೇಡ. ಕೆಲಸ ಹೇಗಿತ್ತು ಎನ್ನುವುದನ್ನು ಕೇಳಿ.

ನಾನು ಸುರಪುರ ತಾಲ್ಲೂಕಿನ ಹಳ್ಳಿಯವಳು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟದ ಮೇಲೆ ನಿಂತು ಕೂಗಿ ಕೂಗಿ ಹಕ್ಕಿ ಕಾಯ್ದವಳು. ಆ ಗಂಟಲೇ ನನಗೆ ನೌಕರಿ ಕೊಡಿಸಿತು. ಸಂದರ್ಶನದ ದಿನ ಮೈಕು ಕೆಟ್ಟಿತ್ತು. ನನಗಿಂತ ಮೊದಲು ಬಂದವರೆಲ್ಲ ಅದು ರಿಪೇರಿಯಾಗಲೆಂದು ಕಾಯುತ್ತ ಕುಳಿತಿದ್ದರು. ನಾನು ಕಾಯಲಿಲ್ಲ. ಓದಲು ಕೊಟ್ಟ ಕಾಗದವನ್ನು ಎದ್ದು ನಿಂತು ಓದಿದೆ. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳಿದರಂತೆ. ಸಂಜೆ ಹೊತ್ತು ವ್ಯಾನಿನಲ್ಲಿ ಊರೂರು ತಿರುಗುವ ಕೆಲಸ ಹೆಣ್ಣುಮಗಳಿಗೆ ಯಾಕೆ ಎಂದು ನಮ್ಮ ಓಣಿಯವರೆಲ್ಲ ಅವ್ವನನ್ನು ಕೇಳಿದರು. ಅವ್ವ ಒಂದೇ ಮಾತು ಹೇಳಿದಳು: "ಆಕಿ ಒದರಿದ್ರ ಮೂರೂರಿಗಿ ಕೇಳ್ತದ. ಆಕೀಗ್ಯಾಕ ಅಂಜಿಕಿ?"

ವ್ಯಾನು ಓಡಿಸುವುದು, ಪ್ರೊಜೆಕ್ಟರ್ ನಡೆಸುವುದು ಎರಡೂ ಖಾಜಾಸಾಬರ ಕೆಲಸ. ನನ್ನನ್ನು ಮಗಳೆಂದು ತಿಳಿದು ಬೇಟಿ ಎನ್ನುತ್ತಿದ್ದರು. ಊರಿಗೆ ಹೋದ ಕೂಡಲೇ ಶಾಲೆಯ ಗೋಡೆಗೆ ಇಲ್ಲವೆ ಎರಡು ಬೇವಿನ ಮರದ ನಡುವೆ ಪರದೆ ಕಟ್ಟುವುದು, ಕತ್ತಲಾಗುವುದನ್ನೇ ಕಾಯುವುದು. ಬೆಂಗಳೂರಿನಿಂದ ಬರುತ್ತಿದ್ದ ಸರ್ಕಾರಿ ಸಿನೆಮಾಗಳ ಕನ್ನಡ ನಮ್ಮ ಜನಕ್ಕೆ ಹತ್ತುತ್ತಿರಲಿಲ್ಲ. 'ರೈತಾಪಿ ಜನತೆಯ ಬಾಳಿನಲ್ಲಿ ನವೋದಯ' ಎಂದರೆ ಯಾರಿಗೆ ತಿಳಿಯಬೇಕು? ಹಾಗಾಗಿ ನಮ್ಮ ಭಾಗದಲ್ಲಿ ಒಂದು ರೂಢಿ ಬೆಳೆದಿತ್ತು. ಖಾಜಾಸಾಬರು ಸಿನೆಮಾದ ದನಿ ತಗ್ಗಿಸುತ್ತಿದ್ದರು, ನಾನು ಪರದೆಯ ಪಕ್ಕ ಮೈಕು ಹಿಡಿದು ನಿಂತು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಏನು ಹೇಳಬೇಕೆಂದು ಮೇಲಿನವರು ಒಪ್ಪಿ ಕಳಿಸಿದ ಒಂದು ಬರಹ ಇರುತ್ತಿತ್ತು. ಅದರ ಅರ್ಥ ಬಿಡದೆ ಹೇಳಬೇಕು, ಅಷ್ಟೇ.

ತಪ್ಪುಗಳು ಆಗುತ್ತಿದ್ದವು. ಒಮ್ಮೆ ಕಟ್ಟಡವೊಂದರ ಉದ್ಘಾಟನೆಯ ಸಿನೆಮಾದ ಸುರುಳಿಗಳು ಅದಲುಬದಲಾದವು. ಮೊದಲು ವಂದನಾರ್ಪಣೆ, ಆಮೇಲೆ ಭಾಷಣ, ಕಟ್ಟಕಡೆಗೆ ಅಡಿಗಲ್ಲು. ಸಿದ್ಧವಾದ ಕಟ್ಟಡದಿಂದ ಹೊರಗೆ ಬಂದ ಮಂತ್ರಿಗಳು ಅಡಿಗಲ್ಲಿಗೆ ಕಾಯಿ ಒಡೆದರು. ನಾನು ಮೈಕು ಹಿಡಿದು ಬೆವತುಹೋದೆ. ಜನ ಸುಮ್ಮನೆ ನೋಡಿ ಎದ್ದುಹೋದರು. ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ ಸಾಹೇಬರು ಬಂದು, "ಇವತ್ತು ತುಂಬ ಚೆನ್ನಾಗಿ ಬಂತು ಅಲ್ವಾ?" ಎಂದರು. ಖಾಜಾಸಾಬರು ಮುಖ ಆಚೆ ತಿರುಗಿಸಿ ಪರದೆ ಮಡಿಚತೊಡಗಿದರು.

ಅದು ನಮ್ಮ ಭಾಗದಲ್ಲಿ ನೀರಾವರಿ ಕಾಲುವೆ ತೋಡುತ್ತಿದ್ದ ಕಾಲ. ಭೀಮರಾಯನಗುಡಿ ಕ್ಯಾಂಪಿನಲ್ಲಿ ಜೀಪುಗಳ ಓಡಾಟ, ಶಹಾಪುರದ ಹೋಟೆಲುಗಳಲ್ಲಿ ಗುತ್ತಿಗೆದಾರರ ಗದ್ದಲ, ಊರೂರಲ್ಲಿ ಅಗೆದ ಮಣ್ಣಿನ ಗುಡ್ಡೆ. ಯಾರ ಹೊಲ ಹೋಯಿತು, ಯಾರ ಹೊಲಕ್ಕೆ ನೀರು ಬರುತ್ತದೆ ಎನ್ನುವ ಮಾತು ಬಿಟ್ಟು ಬಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. ಒಂದು ಉಪಕಾಲುವೆಗೆ ಮಂತ್ರಿಗಳು ಗೇಟು ತಿರುಗಿಸಿ ನೀರು ಬಿಟ್ಟರು. ಅದರ ಸಿನೆಮಾ ಮಾಡಿಸುವ ಹೊಣೆ ನಮ್ಮ ಸಾಹೇಬರ ಮೇಲೆ ಬಿತ್ತು. ಸಿನೆಮಾದ ಕೊನೆಗೆ 'ಕಟ್ಟಕಡೆಯ ಹೊಲಕ್ಕೂ ನೀರು' ಎನ್ನುವ ದೃಶ್ಯ ಇರಲೇಬೇಕೆಂದು ಮೇಲಿನಿಂದ ಹೇಳಿದ್ದರು.

ಕಟ್ಟಕಡೆಯ ಹೊಲ ಇದ್ದದ್ದು ಕೊಂಕಲ್ ಕಡೆಯ ಒಂದು ಊರಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ನೀರು ಬಿಟ್ಟದ್ದು ಖರೆ, ಆದರೆ ಆ ಊರಿಗೆ ಅದು ಮುಟ್ಟುವ ಹಾಗಿರಲಿಲ್ಲ. ನಡುವೆ ಒಂದು ದಿಬ್ಬವನ್ನು ಗುತ್ತಿಗೆದಾರ ಅಗೆಯದೆ ಬಿಟ್ಟು ಹೋಗಿದ್ದ. ಆ ಕಡೆ ಕಾಲುವೆ, ಈ ಕಡೆ ಕಾಲುವೆ, ನಡುವೆ ದಿಬ್ಬದ ಮೇಲೆ ಆಡು ಮೇಯುತ್ತಿದ್ದವು. ಅದನ್ನು ತೋರಿಸಿದಾಗ ಸಾಹೇಬರು, "ಅದು ಆಗೋ ಕೆಲಸ. ಆಗಿದೆ ಅಂದ್ಕೊಳ್ಳೋಣ," ಎಂದು ಎರಡು ಟ್ಯಾಂಕರ್ ನೀರು ತರಿಸಿದರು.

ಹೊಲ ದ್ಯಾವಮ್ಮ ಎಂಬಾಕೆಯದು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಹೊಲದ ಒಂದು ಪಟ್ಟಿ ಕಾಲುವೆಗೆ ಹೋಗಿತ್ತು. ಉಳಿದದ್ದಕ್ಕೆ ನೀರು ಬರುತ್ತದೆ ಎಂದು ಆಕೆಗೆ ಹೇಳಿದ್ದರು. ಟ್ಯಾಂಕರಿಗೆ ದಾರಿ ಇದ್ದದ್ದು ಊರಿನ ಕಡೆಯಿಂದ ಮಾತ್ರ. ಹಾಗಾಗಿ ಅಲ್ಲೇ ಜಾಲಿಕಂಟಿಯ ಮರೆಗೆ ಟ್ಯಾಂಕರ್ ನಿಲ್ಲಿಸಿ, ಕಾಲುವೆಯಿಂದ ಹೊಲಕ್ಕೆ ನೀರು ತರಬೇಕಾಗಿದ್ದ ಹೊಲಗಾಲುವೆಗೆ ನೀರು ಸುರಿದರು. ಅಗೆದವರು ಹೊಲಗಾಲುವೆಯ ಇಳಿಜಾರನ್ನೇ ತಿರುವುಮುರುವು ಮಾಡಿದ್ದರೋ ಏನೋ, ನೀರು ಕಾಲುವೆಯ ಕಡೆಗೆ ಸರಾಗವಾಗಿ ಹರಿಯಿತು. ಕ್ಯಾಮೆರಾದವನು ಬಲು ಖುಷಿಪಟ್ಟ. ದ್ಯಾವಮ್ಮನಿಗೆ ಕೈಮುಗಿದು ನಗು ಎಂದರು. ಆಕೆ ಕೈಮುಗಿದಳು. ನಗು ಬರಲಿಲ್ಲ. ಕರಿಮಣ್ಣಿನ ಬಿರುಕು ನೀರನ್ನೆಲ್ಲ ಕುಡಿಯಿತು, ಎರಡನೆಯ ಟ್ಯಾಂಕರನ್ನೂ ಖಾಲಿ ಮಾಡಿದರು.

ಸಿನೆಮಾ ಸಿದ್ಧವಾಗಿ ಬಂತು. ಮೊದಲ ಪ್ರದರ್ಶನ ಸುರಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಮಂತ್ರಿಗಳು ಗೇಟು ತಿರುಗಿಸುವವರೆಗೆ ಜನ ಬೀಡಿ ಸೇದುತ್ತ ಕುಳಿತಿದ್ದರು. ದ್ಯಾವಮ್ಮನ ಹೊಲ ಪರದೆಯ ಮೇಲೆ ಬಂತು, ಒಂದು ಬದಿಗೆ ಊರು, ಇನ್ನೊಂದು ಬದಿಗೆ ಕಾಲುವೆಯ ಏರಿ. ನಾನು, "ನೋಡ್ರಿ, ಕಟ್ಟಕಡೀ ಹೊಲಕ್ಕೂ ನೀರು ಬಂದಾವ," ಎಂದೆ. ಮುಂದೆ ಕುಳಿತ ಮುದುಕನೊಬ್ಬ ಮುಂಡಾಸು ಹಿಂದೆ ಸರಿಸಿ ದಿಟ್ಟಿಸಿ ನೋಡಿದ.

"ಅಕ್ಕೋರ, ಬಂದಾವಲ್ಲ, ಹೊಂಟಾವ! ಊರಾಗಿಂದ ಕಾಲುವಿಗಿ ನೀರು ಹೊಂಟಾವ್ರಿ!"

ಇಡೀ ಬಯಲು ನಗೆಯಲ್ಲಿ ಬಿದ್ದು ಹೊರಳಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. "ಸರ್ಕಾರದ ಕಾಲುವಿಗಿ ನಾವೇ ನೀರು ಕೊಡಾಕತ್ತೀವಲ್ಲೋ!" ಎಂದು ಯಾರೋ ಕೂಗಿದರು. ಜಾಲಿಕಂಟಿಯ ಪಕ್ಕದಲ್ಲಿ ಟ್ಯಾಂಕರಿನ ಹಿಂಬದಿ ಇಣುಕಿದ್ದನ್ನೂ ಯಾರೋ ಕಂಡುಹಿಡಿದರು. ಮುಗಿದ ಮೇಲೆ ಜನ ಏಳಲೇ ಇಲ್ಲ. "ಇನ್ನೊಮ್ಮಿ ಹಾಕ್ರಿ" ಎಂದು ಪಟ್ಟು ಹಿಡಿದರು. ಖಾಜಾಸಾಬರು ಕಣ್ಣೀರು ಒರೆಸಿಕೊಳ್ಳುತ್ತ ಸುರುಳಿ ಹಿಂದಕ್ಕೆ ಸುತ್ತಿದರು.

ಮರುದಿನ ನಾನು ಕೊಟ್ಟ ವರದಿಯಲ್ಲಿ 'ಜನ ಬಹಳ ನಕ್ಕರು' ಎಂದಿತ್ತು. ಸಾಹೇಬರು ಅದನ್ನು ತಿದ್ದಿ 'ಜನರು ಹರ್ಷೋದ್ಗಾರಗಳೊಂದಿಗೆ ವೀಕ್ಷಿಸಿದರು' ಎಂದು ಮೇಲೆ ಕಳಿಸಿದರು. ಮೇಲಿನವರು ಅದಕ್ಕೆ 'ಮರುಪ್ರದರ್ಶನಕ್ಕೆ ಭಾರಿ ಬೇಡಿಕೆ' ಎಂದು ಸೇರಿಸಿ ಇನ್ನೂ ಮೇಲೆ ಕಳಿಸಿದರು. ಅಲ್ಲಿಂದ ಆದೇಶ ಬಂತು: ಈ ಸಿನೆಮಾವನ್ನು ಪ್ರತಿ ಹಳ್ಳಿಯಲ್ಲಿ ತೋರಿಸಿ. ಅಲ್ಲಿಂದ ಮುಂದೆ ನಮ್ಮ ವ್ಯಾನು ಬರುತ್ತದೆಂದರೆ ಪಕ್ಕದ ಊರುಗಳಿಂದ ಜನ ಬಂಡಿ ಕಟ್ಟಿಕೊಂಡು ಬಂದರು. ಟಾಕೀಸಿನವನು ನಮ್ಮಿಂದ ತನ್ನ ಗಿರಾಕಿ ಕಡಿಮೆಯಾಯಿತೆಂದು ಖಾಜಾಸಾಬರ ಹತ್ತಿರ ಜಗಳಕ್ಕೆ ಬಂದ. ಸಾಹೇಬರಿಗೆ ಎಲ್ಲೆಡೆಯಿಂದ ಶಭಾಶ್‌ಗಿರಿ. ನಾನೂ ನಗುತ್ತಲೇ ಇದ್ದೆ ಎಂದು ಹೇಳಬೇಕು. ನೌಕರಿಯಲ್ಲಿ ಅಂಥ ಮಜ ಮತ್ತೆ ಸಿಗಲಿಲ್ಲ.

ನಗು ನಿಂತದ್ದು ದ್ಯಾವಮ್ಮ ಶಹಾಪುರಕ್ಕೆ ನನ್ನನ್ನು ಹುಡುಕಿಕೊಂಡು ಬಂದ ದಿನ. ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದ ನಮ್ಮ ವ್ಯಾನಿನ ಬಾಗಿಲು ಹಿಡಿದು ನಿಂತಳು. ಮುಖ ಕಪ್ಪಿಟ್ಟಿತ್ತು.

"ಅಕ್ಕೋರ, ನಿಮ್ಮ ಸಿನೆಮಾ ನನ್ನ ಹೊಲ ನುಂಗ್ತು."

"ಏನಾತು ಯಮ್ಮಾ?"

"ದಿಬ್ಬ ಕಡೀರಿ ಅಂತ ಕಾಲುವಿ ಕಚೇರಿಗಿ ಹೋಗಿದ್ನಿ. ಅಲ್ಲಿ ಸಾಹೇಬ ಏನಂತಾನ ಗೊತ್ತದೇನ್ರಿ? ನಿನ್ನ ಹೊಲಕ್ಕ ನೀರು ಬಂದದ್ದು ನಾನೇ ಕಣ್ಣಾರೆ ಸಿನೆಮಾದಾಗ ನೋಡೀನಿ, ಸುಳ್ಳ್ಯಾಕ ಹೇಳ್ತಿ ಅಂತಾನ! ಕೈಮುಗದದ್ದೂ ನೋಡ್ಯಾನಂತ."

ಆಕೆಯ ಅವಸರಕ್ಕೆ ಕಾರಣ ಇತ್ತು. ನೀರು ಇಂದಲ್ಲ ನಾಳೆ ಬರುತ್ತದೆಂದು ತಿಳಿದವರು ಹೊಲಗಳನ್ನು ಲೀಸಿಗೆ ಕೇಳುತ್ತ ತಿರುಗುತ್ತಿದ್ದರು. ಹೊಲದ ಕಾಗದಪತ್ರ ಕೈಯಲ್ಲಿಟ್ಟುಕೊಂಡಿದ್ದ ಆಕೆಯ ಮೈದುನ ಲೀಸಿಗೆ ಕೊಡಲು ಒಪ್ಪಿಬಿಟ್ಟಿದ್ದ. ಮುಂದಿನ ಬಿತ್ತನೆಯೊಳಗೆ ನೀರು ಬಂದರೆ ಮಾತ್ರ ಹೊಲ ನಿನ್ನ ಕೈಯಲ್ಲಿ ಎಂದಿದ್ದ.

"ನನ್ನ ಹೊಲದಾಗ ನಾನೇ ಕೂಲಿಗಿ ಹೋಗಬೇಕೇನ್ರಿ? ಅದು ನನ್ನ ಕೈಲೆ ಆಗೂದಿಲ್ಲ," ಎಂದಳು ದ್ಯಾವಮ್ಮ. ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಬಸ್ಸು ಹತ್ತಿಸಿ ಕಳಿಸುತ್ತಿದ್ದೆನೇನೋ. ಆಕೆ ನನ್ನ ಮುಖವನ್ನೇ ನೋಡುತ್ತ ನಿಂತಳು. ಮೈಕಿನಲ್ಲಿ ಊರೂರಿಗೆ 'ನೀರು ಬಂದಾವ' ಎಂದವಳು ನಾನು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಈ ನೀರನ್ನು ತಂದೇ ತೀರಬೇಕೆಂದು ಅಲ್ಲೇ ನಿಶ್ಚಯ ಮಾಡಿದೆ. ಹೇಗೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ದಾರಿಯನ್ನು ಸಾಹೇಬರೇ ತೋರಿಸಿಕೊಟ್ಟರು. ಅದೇ ಮಂತ್ರಿಗಳು ಶಹಾಪುರಕ್ಕೆ ಬರುವವರಿದ್ದರು. ಜನ ಹೇಗೆ ಹರ್ಷೋದ್ಗಾರ ಮಾಡುತ್ತಾರೆಂದು ಅವರಿಗೇ ತೋರಿಸೋಣ ಎಂದು ಸಾಹೇಬರು ಸಂಜೆಗೆ ಬಯಲಿನಲ್ಲಿ ಪ್ರದರ್ಶನ ಇಡಿಸಿದರು. ಆ ದಿನ ನಾನು ದ್ಯಾವಮ್ಮನನ್ನು ವ್ಯಾನಿನಲ್ಲೇ ಕರೆತಂದು ಪರದೆಯ ಪಕ್ಕ ಕೂಡಿಸಿದೆ. "ಮಾತಾಡಾಕ ಬರ್ತದೇನು?" ಎಂದು ಕೇಳಿದೆ. "ಖರೇ ಮಾತಾಡಾಕ ಏನು ಕಲೀಬೇಕ್ರಿ?" ಎಂದಳು. ಖಾಜಾಸಾಬರು ಮಾತ್ರ, "ಬೇಟಿ, ನೌಕ್ರಿ ಹೋದ್ರ?" ಎಂದರು. ಹೋದರೆ ಮತ್ತೆ ಹಕ್ಕಿ ಕಾಯುತ್ತೇನೆ ಎಂದೆ.

ಸಿನೆಮಾ ಶುರುವಾಯಿತು. ಬರಹ ಬಿಟ್ಟು ನಾನು ಒಂದು ಮಾತೂ ಆಡಲಿಲ್ಲ. ಕೊನೆಯ ದೃಶ್ಯಕ್ಕೆ ಬರಹದಲ್ಲಿ ಹೀಗಿತ್ತು: 'ರೈತ ಮಹಿಳೆಯೊಬ್ಬರು ತಮ್ಮ ಆನಂದವನ್ನು ಹಂಚಿಕೊಳ್ಳುತ್ತಾರೆ.' ನಾನು ಅದನ್ನು ಹೇಳಿ, "ಆ ತಾಯಿ ಇಲ್ಲೇ ಅದಾಳ, ಆಕಿ ಬಾಯಿಲೇ ಕೇಳ್ರಿ," ಎಂದು ಮೈಕು ದ್ಯಾವಮ್ಮನ ಕೈಗೆ ಕೊಟ್ಟೆ.

"ಮಂತ್ರಿ ಸಾಹೇಬ್ರ, ಶರಣ್ರಿ," ಎಂದಳು ದ್ಯಾವಮ್ಮ. ಮೈಕನ್ನು ಬಾಯಿಗೆ ತೀರ ಹತ್ತಿರ ಹಿಡಿದಿದ್ದರಿಂದ ದನಿ ಬಯಲಿನಾಚೆಗೂ ಕೇಳಿತು. "ಇವು ಟ್ಯಾಂಕರ್ ನೀರ್ರಿ. ಕಾಲುವಿ ನೀರಾಗಿದ್ರ ಹಿಂದಕ್ಕ ಹರೀತಿದ್ದಿಲ್ಲ. ದಿಬ್ಬ ಹಂಗ ಅದ, ಆಡು ಮೇಯಾಕತ್ತಾವ. ನೀರು ಬಂದಿಲ್ಲಂತ ಹೇಳಿದ್ರ, ಸಿನೆಮಾದಾಗ ಬಂದಾವಲ್ಲ ಅಂತಾರ. ನಾನೇನು ಸಿನೆಮಾದಾಗ ಬಿತ್ತಲೇನ್ರಿ?"

ಜನ ನಕ್ಕರು, ಶಿಳ್ಳೆ ಹೊಡೆದರು. ಸಾಹೇಬರು ಖಾಜಾಸಾಬರಿಗೆ ಕೈಸನ್ನೆ ಮಾಡುತ್ತಲೇ ಇದ್ದರು. ಖಾಜಾಸಾಬರು ಆ ಕಡೆ ನೋಡಲೇ ಇಲ್ಲ. ಮಂತ್ರಿಗಳು ಹಳೆಯ ಹುಲಿ. ಜನರಿಗಿಂತ ಜೋರಾಗಿ ನಕ್ಕು, ಎದ್ದು ಬಂದು ಮೈಕು ಇಸಿದುಕೊಂಡರು. "ಈ ತಂಗಿ ಹೊಲಕ್ಕ ನಾನೇ ಬಂದು ನೀರು ಬಿಡ್ತೇನಿ. ಮುಂದಿನ ವಾರ! ಅರಿಷಿಣ ಕುಂಕುಮ ತಯಾರಿಡು ತಂಗಿ!" ಎಂದರು. ಚಪ್ಪಾಳೆಯೋ ಚಪ್ಪಾಳೆ. ಅವರ ಕಾರು ಹೊರಟಾಗ ಜಯಕಾರ ಕೂಗಿದವರು ಅದೇ ಜನ.

ಮರುದಿನ ನನಗೆ ಬರವಣಿಗೆಯಲ್ಲಿ ಆದೇಶ ಬಂತು: ಮಂತ್ರಿಗಳು ಬರುವ ವಿಚಾರವನ್ನು ಧ್ವನಿವರ್ಧಕದ ಮೂಲಕ ಪ್ರಚಾರ ಮಾಡತಕ್ಕದ್ದು. ಮಾಡಿದೆ. ಶಹಾಪುರದಿಂದ ಆ ಊರಿನವರೆಗೆ, ದಾರಿಯ ಪ್ರತಿ ಹಳ್ಳಿಯಲ್ಲಿ. "ಮಾನ್ಯ ಮಂತ್ರಿಗಳು ದ್ಯಾವಮ್ಮನ ಹೊಲಕ್ಕ ನೀರು ಬಿಡಾಕ ಬರ್ತಾರ!" ದಿಬ್ಬದ ಹತ್ತಿರ ವ್ಯಾನು ನಿಲ್ಲಿಸಿ ಸ್ವಲ್ಪ ಹೆಚ್ಚೇ ಕೂಗಿದೆ. ಅದೇ ದಿನ ಅಲ್ಲಿಗೆ ಜೀಪು ಬಂತು, ಅದರ ಹಿಂದೆಯೇ ಮಣ್ಣು ಅಗೆಯುವ ಯಂತ್ರ ಬಂತು.

ಅರ್ಧ ದಿಬ್ಬ ಅಗೆದಿದ್ದಾಗ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಮಂತ್ರಿಗಳ ಪ್ರವಾಸ ರದ್ದಾಗಿದೆ. ಫೋನ್ ಬಂತು. ಯಾರಿಗೂ ಹೇಳೋಕೆ ಹೋಗ್ಬೇಡಿ, ಅವರಿಗೆ ಮುಜುಗರ ಆಗುತ್ತೆ."

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಸುದ್ದಿ ಹರಡಿ ಯಂತ್ರ ತಿರುಗಿ ಹೋದರೆ ಮತ್ತೆ ಬರುವುದಿಲ್ಲ, ಅದು ಖಂಡಿತ. ಅಲ್ಲಿ ಕುಳಿತಾಗ ನನಗೆ ಒಂದು ವಿಚಾರ ಹೊಳೆಯಿತು. ನಮ್ಮ ಕೆಲಸದಲ್ಲಿ ಮಂತ್ರಿ ಬರುತ್ತಾರೆ ಎಂದು ಸಾರಲು ಆದೇಶ ಬರುತ್ತದೆ. ಬರುವುದಿಲ್ಲ ಎಂದು ಸಾರಲು ಅಂದಿನವರೆಗೆ ಒಂದು ಆದೇಶವೂ ಬಂದದ್ದನ್ನು ನಾನು ಕಂಡಿರಲಿಲ್ಲ. ಎಷ್ಟೋ ಸಲ ಜನ ಹಾರ ಹಿಡಿದು ಬಿಸಿಲಲ್ಲಿ ಕಾದು ತಾವೇ ತಿಳಿದುಕೊಂಡು ಮನೆಗೆ ಹೋಗುತ್ತಿದ್ದರು. ಹಾಗಾದರೆ ನನ್ನ ಕೈಯಲ್ಲಿದ್ದ ಮೊದಲ ಆದೇಶ ಇನ್ನೂ ಜೀವಂತವಾಗಿತ್ತು. ಸಾಹೇಬರು ಯಾರಿಗೂ ಹೇಳಬೇಡ ಎಂದಿದ್ದರು. ಪ್ರಚಾರ ನಿಲ್ಲಿಸು ಎಂದಿರಲಿಲ್ಲ.

"ಖಾಜಾಚಾಚಾ, ಗಾಡಿ ತಗೀರಿ," ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ನಮ್ಮ ವ್ಯಾನು ಹೊರಟಿತು. ತಾರೀಖು ಹೇಳುತ್ತಿರಲಿಲ್ಲ. "ಮಂತ್ರಿಗಳು ಬರ್ತಾರ, ತಯಾರಿರ್ರಿ!" ಅಷ್ಟೇ. ಹೇಳಿದ ವಾರ ಕಳೆಯಿತು. ನಾನು ನಿಲ್ಲಿಸಲಿಲ್ಲ. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಆ ಊರಿನವರು ಹಸಿರು ತೋರಣ ಬಾಡಿದಂತೆಲ್ಲ ಹೊಸದು ಕಟ್ಟಿದರು. ದಿಬ್ಬದ ಕೆಲಸಕ್ಕೆಂದು ಕಳಿಸಿದ್ದ ಇಂಜಿನಿಯರ್ ಬೀದರ್ ಕಡೆಯವರು, ಕೆಲಸ ಬಲ್ಲವರು. ಮೇಲಿನವರು ಹಾಕಿದ ಒತ್ತಡಕ್ಕೆ ಸೊರಗಿದ್ದರು. ಒಂದು ದಿನ ವ್ಯಾನಿಗೆ ಅಡ್ಡ ನಿಂತರು.

"ಖರೇ ಹೇಳ್ರಿ ಮೇಡಂ, ಬರ್ತಾರೇನು?"

"ಬರಂಗಿಲ್ಲಂತ ಸಾರಾಕ ನನಗ ಆದೇಶ ಬಂದಿಲ್ರಿ ಸಾಹೇಬ್ರ."

ಅವರು ವ್ಯಾನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಅರ್ಥವಾಯಿತೆಂದು ನನಗೆ ಅನ್ನಿಸಿತು. ತಿರುಗಿ ಯಂತ್ರದವನಿಗೆ, "ಯಾಕ ನಿಂತಿ? ಹೊಡಿ, ಹೊಡಿ!" ಎಂದು ಕೂಗಿದರು. ಹೊಲಗಾಲುವೆಯ ಇಳಿಜಾರನ್ನೂ ಹೊಸದಾಗಿ ಅಳೆಸಿ ಸರಿಮಾಡಿಸಿದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಗೌರವ ಇದೆ.

ಸಾಹೇಬರಿಗೆ ಸುದ್ದಿ ಮುಟ್ಟಿ ನನ್ನನ್ನು ಕರೆಸಿದರು. ಮೊದಲ ಸಲ ಅವರ ದನಿ ಏರಿತ್ತು.

"ಏನಮ್ಮ ಇದು? ರದ್ದಾಗಿದೆ ಅಂತ ಹೇಳಿಲ್ವಾ? ನಿಲ್ಸಿ ಇದನ್ನ."

"ನಿಲ್ಲಸ್ತೀನ್ರಿ ಸರ್. ಮಂತ್ರಿಗಳು ಬರಂಗಿಲ್ಲ, ಪ್ರಚಾರ ನಿಲ್ಲಸು ಅಂತ ಬರದು ಸಹಿ ಮಾಡಿ ಕೊಡ್ರಿ. ಅದನ್ನೂ ಊರೂರಿಗಿ ಸಾರಿ ಬರ್ತೀನಿ."

ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ಕೊಟ್ಟ ಮಾತಿಗೆ ಮಂತ್ರಿ ತಪ್ಪಿದರು ಎಂದು ಸಹಿ ಮಾಡಿ ಕೊಡುವವರು ನಮ್ಮ ಕಚೇರಿಗಳಲ್ಲಿ ಎಲ್ಲಿದ್ದಾರೆ? ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. "ನಿಮ್ಮನ್ನ ದೂರ ವರ್ಗ ಮಾಡಿಸ್ತೀನಿ," ಎಂದರು. ಮಾಡಿಸಿರಿ ಎಂದೆ. ಕಾಗದಕ್ಕಾಗಿ ಕೈ ಚಾಚಿಯೇ ನಿಂತೆ. ಪೆನ್ನು ಮೇಜಿನ ಮೇಲೆ ಬಿತ್ತು. ನಾನು ವ್ಯಾನಿಗೆ ಹೋದೆ.

ಹೊಸಬರಿಗೆ ಇಲ್ಲೊಂದು ಮಾತು. ನಮ್ಮ ಕಾಲದ ಪರದೆ ಹೋಯಿತು, ವಿಡಿಯೋ ಬಂತು, ಈಗ ಮೊಬೈಲಿನಲ್ಲಿ ಒಂದು ಗಳಿಗೆಯಲ್ಲಿ ಸಿನೆಮಾ ಮಾಡಿ ಕಳಿಸುತ್ತೀರಿ. ಜನ ಅದನ್ನು ಒಬ್ಬೊಬ್ಬರೇ ಕೈಯಲ್ಲಿ ಹಿಡಿದು ನೋಡುತ್ತಾರೆ. ನಾವು ತೋರಿಸುವಾಗ ಅವರ ಮುಖ ನಮ್ಮೆದುರು ಇರುತ್ತಿತ್ತು. ಸುಳ್ಳು ಸಿಕ್ಕಿಬಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನೀವು ಮಾಡಿದ್ದನ್ನು ಆ ಊರಿಗೇ ಹೋಗಿ, ಆ ಜನರ ನಡುವೆ ಕುಳಿತು ಒಮ್ಮೆ ನೋಡಿ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ನೀರು ಬಂದ ದಿನ ಮಂತ್ರಿ ಇರಲಿಲ್ಲ, ಹಾರ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಮಧ್ಯಾಹ್ನದ ಬಿಸಿಲು. ಇಂಜಿನಿಯರ್ ಸಾಹೇಬರೇ ಹೇಳಿ ಕಳಿಸಿದ್ದರಿಂದ ನಾವು ಹೋಗಿದ್ದೆವು. ಕಡಿದ ದಿಬ್ಬದ ನಡುವಿನಿಂದ ಕೆಂಪಗಿನ ನೀರು ಕಸಕಡ್ಡಿ ತಳ್ಳಿಕೊಂಡು ನಿಧಾನಕ್ಕೆ ಬಂತು. ದ್ಯಾವಮ್ಮ ಸಲಿಕೆ ಹಿಡಿದು ಹೊಲಗಾಲುವೆಯ ಬಾಯಲ್ಲಿ ನಿಂತಿದ್ದಳು. ನೀರು ಆಕೆಯ ಪಾದ ಮುಟ್ಟಿದಾಗ ಕೈಮುಗಿಯಲಿಲ್ಲ. ಬಗ್ಗಿ ಒಡ್ಡು ಒಡೆದು ಹೊಲಕ್ಕೆ ತಿರುವಿಕೊಂಡಳು. ಆಕೆಯ ಮೈದುನ ಬದುವಿನ ಮೇಲಿಂದ ನೋಡಿ ತಾನೂ ಧೋತರ ಮೇಲೆ ಕಟ್ಟಿಕೊಂಡು ಇಳಿದ. ಲೀಸಿನ ಮಾತು ಅಲ್ಲಿಗೆ ಮುಗಿಯಿತು. ಖಾಜಾಸಾಬರು ಕೈಕಾಲು ಮುಖ ತೊಳೆದುಕೊಂಡರು. ನಾನು ಅತ್ತೆ, ಅದನ್ನು ಬರೆಯಲು ಸಂಕೋಚವಿಲ್ಲ.

ಇಷ್ಟಾದ ಮೇಲೆ ಸಾಹೇಬರು ಗೆಲುವಾದರು. "ನಾನು ಹೇಳಿರ್ಲಿಲ್ವಾ, ಆಗೋದನ್ನೇ ಆಗಿದೆ ಅಂದಿದ್ದು ಅಂತ? ಈಗ ಆ ಊರಲ್ಲೇ ಸಿನೆಮಾ ತೋರಿಸಿ," ಎಂದರು. ಹೋದೆವು. ಶಾಲೆಯ ಗೋಡೆಗೆ ಪರದೆ ಕಟ್ಟಿದೆವು. ಮೈಕಿನಲ್ಲಿ ಗಂಟಲು ಹರಿಯುವ ಹಾಗೆ ಕರೆದೆ. ಕತ್ತಲಾಯಿತು. ನಡೆಯಲಾಗದ ಒಬ್ಬ ಮುದುಕ ಗೋಡೆಗೆ ಒರಗಿ ಕುಳಿತಿದ್ದ, ಅಷ್ಟೇ.

"ಊರಾಗ ಯಾರೂ ಇಲ್ಲೇನು ಮುತ್ಯಾ?"

"ಎಲ್ಲಾರೂ ಹೊಲಕ್ಕ ಹೋಗ್ಯಾರ. ಇವತ್ತ ನಮ್ಮೂರಿಗಿ ನೀರಿನ ಪಾಳಿ ಅದ."

ಆದರೂ ಸಿನೆಮಾ ಹಾಕಿದೆವು. ಮುದುಕ ಅರ್ಧಕ್ಕೇ ನಿದ್ದೆ ಹೋದ. ಪ್ರೇಕ್ಷಕರನ್ನು ಸೇರಿಸಲು ನಾನು ಸೋತೆನೆಂದು, ಇದು ಕರ್ತವ್ಯಲೋಪವೆಂದು ಮರುದಿನ ನನಗೆ ಮೆಮೊ ಬಂತು. ಸೇವೆಯಲ್ಲಿ ನನಗೆ ಬಂದ ಮೊದಲ ಮೆಮೊ ಅದು. ಖಾಜಾಸಾಬರ ಹತ್ತಿರ ಪೆನ್ನು ಇಸಿದುಕೊಂಡು ವ್ಯಾನಿನ ಬಾನೆಟ್ಟಿನ ಮೇಲೆಯೇ ಕಾಗದ ಇಟ್ಟು ಉತ್ತರ ಬರೆದೆ: 'ಜನರು ಹೊಲಕ್ಕೆ ನೀರು ಹಾಯಿಸಲು ಹೋಗಿದ್ದರಿಂದ ಸಿನೆಮಾಕ್ಕೆ ಬರಲಿಲ್ಲ.'